ಸ್ಕ್ಯಾನ್ ದ್ರವಕ್ಕೆ ಮೂತ್ರಪಿಂಡ ಎಷ್ಟು ಹೆದರಬೇಕು?

ಸಿಟಿ ಸ್ಕ್ಯಾನ್‌ ವೇಳೆ ರಕ್ತನಾಳಕ್ಕೆ ಕೊಡುವ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ದ್ರವ, ಆರೋಗ್ಯವಂತರಲ್ಲಿ 24 ಗಂಟೆಯೊಳಗೆ ಬಹುಪಾಲು ಮೂತ್ರದಲ್ಲೇ ಹೊರಹೋಗುತ್ತದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆಂಬ ಭಯ ಜನರಲ್ಲಷ್ಟೇ ಅಲ್ಲ, ವೈದ್ಯರಲ್ಲೂ ದಶಕಗಳಿಂದ ಬೇರೂರಿದೆ. ಸ್ಕ್ಯಾನ್ ನಂತರ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) ಏರಿದ್ದನ್ನು ಕಂಡ ಹಳೆಯ ಅಧ್ಯಯನಗಳು ದ್ರವವನ್ನೇ ದೂರಿದವು. ಅವುಗಳಲ್ಲಿ ಹೆಚ್ಚಿನವಕ್ಕೆ ಹೋಲಿಕೆಯ ಗುಂಪೇ ಇರಲಿಲ್ಲ. ಸೋಂಕು, ನಿರ್ಜಲೀಕರಣ, ಕುಸಿದ ರಕ್ತದೊತ್ತಡದಿಂದ ಆಸ್ಪತ್ರೆ ಸೇರಿದವರಲ್ಲಿ ಕ್ರಿಯಾಟಿನಿನ್ ಹೇಗೂ ಏರಬಲ್ಲದು. ಕಾಂಟ್ರಾಸ್ಟ್ ಇಲ್ಲದೆ ಸ್ಕ್ಯಾನ್ ಆದವರ ಜೊತೆಗಿಟ್ಟು ನೋಡಿದ, 2013ರಿಂದೀಚಿನ ಹಲವು ದೊಡ್ಡ ಅಧ್ಯಯನಗಳಲ್ಲಿ ಎರಡು ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿತು. ಅಪಾಯವನ್ನು ಅತಿಯಾಗಿ ಅಂದಾಜಿಸಲಾಗಿತ್ತು ಎಂದು 2020ರಲ್ಲಿ ಅಮೆರಿಕದ ಕಾಲೇಜ್ ಆಫ್ ರೇಡಿಯಾಲಜಿ ಮತ್ತು ನ್ಯಾಷನಲ್ ಕಿಡ್ನಿ ಫೌಂಡೇಶನ್ ಜಂಟಿಯಾಗಿ ಹೇಳಿದವು.

ದುರ್ಬಲ ಮೂತ್ರಪಿಂಡದವರಿಗೆ ವೈದ್ಯರು ಮೊದಲೇ ದ್ರವ ತಪ್ಪಿಸಿದ್ದರಿಂದ ಫಲಿತಾಂಶ ಹೀಗೆ ಬಂದಿರಬಹುದು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ, ಲೆಕ್ಕಾಚಾರದಿಂದ ಎರಡೂ ಗುಂಪುಗಳನ್ನು ಸರಿದೂಗಿಸಿದರೂ ಆ ಸಂದೇಹ ಪೂರ್ತಿ ಹೋಗದು. ಅದಕ್ಕೇ ಮೂತ್ರಪಿಂಡ ಸೋಸುವ ವೇಗ (ಜಿಎಫ್‌ಆರ್) 30ಕ್ಕಿಂತ ಕಡಿಮೆಯಿದ್ದು ಡಯಾಲಿಸಿಸ್‌ನಲ್ಲಿಲ್ಲದವರಿಗೆ, ಮೂತ್ರಪಿಂಡದ ಕೆಲಸ ಹಠಾತ್ತನೆ ಕುಸಿದವರಿಗೆ ಮುಂಜಾಗ್ರತೆಯಾಗಿ ಸಲೈನ್ ಕೊಡುವ ಸಲಹೆ ಈಗಲೂ ಇದೆ. ಆದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಶಂಕೆಯಿದ್ದಾಗ ಭಯದಿಂದ ಸ್ಕ್ಯಾನ್ ಮುಂದೂಡುವುದು ಜೀವಕ್ಕೇ ಎರವಾದೀತು. ನನ್ನ ದೃಷ್ಟಿಯಲ್ಲಿ ಅದು ಹೆಚ್ಚಿನ ಅಪಾಯ. ಮೂತ್ರಪಿಂಡದ ತೊಂದರೆ, ಹಿಂದಿನ ಅಲರ್ಜಿ, ಮಧುಮೇಹಕ್ಕೆ ನುಂಗುವ ಮೆಟ್‌ಫಾರ್ಮಿನ್ ಬಗ್ಗೆ ಸ್ಕ್ಯಾನ್‌ಗೆ ಮೊದಲೇ ತಿಳಿಸಿ. ನಂತರದ ದಿನಗಳಲ್ಲಿ ಮೂತ್ರ ತೀರಾ ಕಡಿಮೆಯಾದರೆ, ಕಾಲು ಊದಿದರೆ ತಡಮಾಡದೆ ವೈದ್ಯರನ್ನು ಕಾಣಿ.