ಗಟ್ಟಿಯಾದ ಮಾತ್ರಕ್ಕೆ ನೀರು ತಡೆಯುವುದೇ?

ನಿಮ್ಮ ಮನೆಯ ತಾರಸಿಯನ್ನೇ ನೋಡಿ. ಕಲ್ಲಿನಂತೆ ಗಟ್ಟಿ. ಆದರೂ ಜೋರು ಮಳೆಗೆ ಕೆಳಗೆ ತೇವ ಕಾಣಿಸುತ್ತದೆ. ಸಿಮೆಂಟ್ ಗಟ್ಟಿಯಾದರೂ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಕಾರ್ಖಾನೆಯ ತ್ಯಾಜ್ಯದ ವಿಷಯದಲ್ಲಿ ಈ ರಂಧ್ರಗಳೇ ನಮ್ಮ ಕುಡಿಯುವ ನೀರಿನ ಪ್ರಶ್ನೆಯಾಗುತ್ತವೆ.

ಲೋಹಕ್ಕೆ ಲೇಪನ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ಕ್ರೋಮಿಯಂ, ನಿಕ್ಕಲ್ ಬೆರೆತ ಕೆಸರು ಉಳಿಯುತ್ತದೆ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. ಆದ್ದರಿಂದ ಇಂತಹ ಕೆಸರಿಗೆ ಸಿಮೆಂಟ್ ಬೆರೆಸಿ, ಗಟ್ಟಿ ಮಾಡಿ, ತಳಕ್ಕೆ ಹಾಳೆ ಮತ್ತು ಜೇಡಿಮಣ್ಣು ಹಾಸಿದ ಗುಂಡಿಯಲ್ಲಿ ಹೂಳುತ್ತಾರೆ.

ಆ ಗಟ್ಟಿಯೊಳಗೆ ನೀರು ಎಷ್ಟು ಸುಲಭವಾಗಿ ಹರಿಯುತ್ತದೆಂದು ಹೇಗೆ ತಿಳಿಯುವುದು? ಮಿಶ್ರಣವನ್ನು ಕೊಳವೆಯಾಕಾರದ ಅಚ್ಚಿನಲ್ಲಿ ಎರೆದು, ಸಾಮಾನ್ಯವಾಗಿ 28 ದಿನ ಹದವಾಗಲು ಬಿಡುತ್ತಾರೆ. ಬಳಿಕ ಅದಕ್ಕೆ ರಬ್ಬರ್ ಪೊರೆ ತೊಡಿಸಿ, ಸುತ್ತಲೂ ನೀರಿನ ಒತ್ತಡ ಕೊಡುತ್ತಾರೆ. ಇಲ್ಲದಿದ್ದರೆ ನೀರು ಗಟ್ಟಿಯನ್ನು ದಾಟದೆ ಪಕ್ಕದ ಸಂದಿಯಿಂದ ಜಾರಿ ಲೆಕ್ಕ ತಪ್ಪುತ್ತದೆ. ರಂಧ್ರಗಳೆಲ್ಲ ನೀರಿನಿಂದ ತುಂಬಿದ ಮೇಲೆ ಒಂದು ತುದಿಯಿಂದ ನೀರು ತಳ್ಳಿ, ಒಳಹೋದ ಮತ್ತು ಹೊರಬಂದ ಪ್ರಮಾಣ ಸಮವಾಗುವವರೆಗೆ ಅಳೆಯುತ್ತಾರೆ. 1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಪ್ರಕಟಿಸಿದ ನಿಯಮವೇ ಈ ಲೆಕ್ಕಕ್ಕೆ ಆಧಾರ.

ಗುಂಡಿಯ ತಳದ ಜೇಡಿಮಣ್ಣಿಗೆ ಇರುವ ಸಾಮಾನ್ಯ ಮಿತಿ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗ. ಸದಾ ಒದ್ದೆಯಿದ್ದು ನೀರು ತನ್ನ ಭಾರದಿಂದಲೇ ಇಳಿದರೆ, ಇದು ವರ್ಷಕ್ಕೆ ಸುಮಾರು 3 ಸೆಂಟಿಮೀಟರ್ ನೀರು. ಲಕ್ಷದಲ್ಲೊಂದು ಭಾಗವಾದರೆ ಅದೇ 3 ಮೀಟರ್!

ಆದರೆ ಈ ಒಂದೇ ಪರೀಕ್ಷೆ ಸಾಲದು. ಬಿಸಿಲು ಮಳೆಗೆ ಬಿರುಕು ಬಿಟ್ಟರೆ ನೀರಿಗೆ ಹೊಸ ದಾರಿ ಸಿಗುತ್ತದೆ. ಆದ್ದರಿಂದ ಗಟ್ಟಿಯನ್ನು ಪುಡಿ ಮಾಡಿ, ಆಮ್ಲೀಯ ದ್ರಾವಣದಲ್ಲಿ ಕಲಕಿ, ಎಷ್ಟು ಲೋಹ ಹೊರಬರುತ್ತದೆಂದೂ ನೋಡಬೇಕು.

ನಾವೇನು ಮಾಡಬೇಕು? ಅಗ್ಗಕ್ಕೆ ಸಿಗುತ್ತದೆಂದು ಕಾರ್ಖಾನೆಯ ಕೆಸರು ಬೆರೆತ ಮಣ್ಣನ್ನು ಅಂಗಳಕ್ಕೆ ತುಂಬಿಸಬೇಡಿ. ಕೈಗಾರಿಕಾ ಪ್ರದೇಶದ ಬಳಿ ಕೊಳವೆಬಾವಿಯಿದ್ದರೆ ನೀರನ್ನು ಪ್ರಯೋಗಾಲಯದಲ್ಲಿ ಲೋಹಗಳಿಗಾಗಿ ಪರೀಕ್ಷಿಸಿ. ನೆನಪಿಡಿ, ಕುದಿಸಿದರೆ ರೋಗಾಣು ಸಾಯುತ್ತದೆ, ಕ್ರೋಮಿಯಂ ಹೋಗುವುದಿಲ್ಲ.