ಸೀತನಿ: ಹಸಿ ಜೋಳದ ತೆನೆಯನ್ನು ಸುಡುವ ಕ್ರಮವೂ ಅದರ ಬೀಜದ ರಕ್ಷಣೆಯೂ

ವಿಜಯಪುರ ಜಿಲ್ಲೆಯಲ್ಲಿ ಡೋಣಿ ನದಿಯ ಇಕ್ಕೆಲದ ಎರೆಭೂಮಿಯು ಹಿಂಗಾರಿ ಬಿಳಿಜೋಳಕ್ಕೆ ಹೆಸರಾದದ್ದು. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟುವ ಈ ನದಿಯು ತಾಳಿಕೋಟೆಯನ್ನು ಹಾದು ಮುಂದೆ ಕೃಷ್ಣೆಯನ್ನು ಸೇರುವದು. “ಡೋಣಿ ಬೆಳೆದರೆ ಓಣಿಯೆಲ್ಲ ಜೋಳ” ಎಂಬ ನಾಣ್ಣುಡಿಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಈ ಜೋಳದ ತೆನೆಯು ಬಲಿಯುವ ಮುನ್ನ, ಕಾಳು ಹಸಿಯಾಗಿಯೂ ಸಿಹಿಯಾಗಿಯೂ ಇರುವಾಗ, ಅದನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಹಿಂಡಿ ಬೆಲ್ಲಗಳೊಡನೆ ತಿನ್ನುವದಕ್ಕೆ ಸೀತನಿ ಎಂದು ಹೆಸರು. ನೆರೆಯ ಸೋಲಾಪುರ ಸೀಮೆಯವರು ಇದನ್ನೇ ಹುರಡಾ ಎನ್ನುವರು.

ಎಳ್ಳ ಅಮಾವಾಸ್ಯೆಯ ಚರಗದಿಂದ ಮೊದಲುಗೊಂಡು ಸಂಕ್ರಾಂತಿಯು ಕಳೆಯುವ ತನಕ ಬೀಗರನ್ನೂ ಸ್ನೇಹಿತರನ್ನೂ ಹೊಲಕ್ಕೆ ಕರೆದು ಸೀತನಿ ತಿನ್ನಿಸುವದು ಮನೆತನಸ್ಥರ ರೂಢಿಯಾಗಿದೆ. ಈ ರೂಢಿಯು ಉತ್ತಮವಾದದ್ದು. ಆದರೆ ಇದರಲ್ಲಿ ಎರಡು ನಷ್ಟಗಳು ಅಡಗಿರುವವು. ಹದವರಿಯದೆ ತೆನೆ ಮುರಿದರೆ ಬೆಳೆಯು ಹಾಳಾಗಿ ರುಚಿಯೂ ಕೆಡುವದು. ಇದು ಕಣ್ಣಿಗೆ ಕಾಣುವ ನಷ್ಟವು. ಎರಡನೆಯದು ಕಣ್ಣಿಗೆ ಕಾಣದೆ, ವರ್ಷದಿಂದ ವರ್ಷಕ್ಕೆ ಒಳ್ಳೆಯ ಸೀತನಿ ಜೋಳದ ಬೀಜವೇ ಹೊಲದಿಂದ ಅಳಿದುಹೋಗುವದು. ಇವೆರಡನ್ನೂ ತಪ್ಪಿಸುವ ಬಗೆಯನ್ನು ಕೆಳಗೆ ವಿವರಿಸಲಾಗಿದೆ.

ಯಾವ ಜೋಳ

ಎಲ್ಲ ಜೋಳವೂ ಸೀತನಿಗೆ ಒದಗುವದಿಲ್ಲ. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದ ಎಂ 35-1 ಎಂಬ ತಳಿಯು ರೊಟ್ಟಿಗೂ ಕಣಿಕೆಗೂ ಶ್ರೇಷ್ಠವಾದದ್ದರಿಂದ ಇಂದಿಗೂ ಹಿಂಗಾರಿ ಹೊಲಗಳಲ್ಲಿ ಬಹಳವಾಗಿ ಕಂಡುಬರುವದು. ಇದರ ತೆನೆಯನ್ನು ಸೀತನಿಗೆ ಬಳಸುವದುಂಟು. ಆದರೆ ಸೀತನಿಗೆಂದೇ ಹಿರಿಯರು ಕಾಯ್ದುಕೊಂಡು ಬಂದ ನಾಡತಳಿಗಳು ಬೇರೆ ಇರುವವು. ಸಕ್ಕರಿ ಮುಕ್ಕರಿ ಎಂಬುದು ಅವುಗಳಲ್ಲೊಂದು. ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠವು ಹುರಡಾಕ್ಕಾಗಿಯೇ ಫುಲೆ ಉತ್ತರಾ, ಫುಲೆ ಮಧುರ ಎಂಬ ತಳಿಗಳನ್ನು ಹೊರತಂದಿದೆ.

ಸೀತನಿ ಜೋಳದಲ್ಲಿ ಮೂರು ಗುಣಗಳನ್ನು ನೋಡತಕ್ಕದ್ದು. ಮೊದಲನೆಯದು, ಹಸಿಗಾಳಿನ ಸಿಹಿ. ಎರಡನೆಯದು, ಅಂಗೈಯಲ್ಲಿ ತಿಕ್ಕಿದೊಡನೆ ಕಾಳು ಹೊಟ್ಟನ್ನು ಬಿಟ್ಟು ಬರುವದು. ಮೂರನೆಯದು, ಕಾಳು ದಪ್ಪವಾಗಿಯೂ ಮೆತ್ತಗೂ ಇರುವದು. ಹೊಟ್ಟು ಬಿಗಿಯಾದ ಜೋಳವು ಎಷ್ಟೇ ಸಿಹಿಯಾಗಿದ್ದರೂ ತಿನ್ನುವವರಿಗೆ ಬೇಸರವನ್ನುಂಟುಮಾಡುವದು.

ತೆನೆಯ ಹದ

ಉತ್ತರಿ ಮಳೆಯಿಂದ ಹಸ್ತ ಮಳೆಯವರೆಗೆ, ಅಂದರೆ ಸೆಪ್ಟೆಂಬರದ ಉತ್ತರಾರ್ಧದಿಂದ ಅಕ್ಟೋಬರದ ಮೊದಲ ಹತ್ತು ದಿನಗಳವರೆಗೆ ಬಿತ್ತಿದ ಜೋಳವು ಸುಮಾರು ಮೂರು ತಿಂಗಳಿಗೆ ಸೀತನಿಯ ಹದಕ್ಕೆ ಬರುವದು. ದಿನಗಳ ಎಣಿಕೆಗಿಂತ ಉಗುರಿನ ಪರೀಕ್ಷೆಯು ಮೇಲು. ತೆನೆಯ ನಡುವಿನ ಕಾಳನ್ನು ಉಗುರಿನಿಂದ ಒತ್ತಿದಾಗ ಹಾಲು ಚಿಮ್ಮಿದರೆ ತೆನೆಯು ಇನ್ನೂ ಎಳೆಯದು. ಸುಟ್ಟರೆ ಬಾಡಿ ಸಿಪ್ಪೆಯೊಂದೇ ಉಳಿಯುವದು. ಕಣಿಕದ ಹಿಟ್ಟಿನಂತೆ ಮೆತ್ತಗೆ ಒತ್ತಿಕೊಂಡರೆ ಅದೇ ಹದವು. ಉಗುರು ಇಳಿಯದಿದ್ದರೆ ಹದ ಮೀರಿತೆಂದು ತಿಳಿದು ಅಂಥ ತೆನೆಯನ್ನು ರಾಶಿಗೆ ಬಿಡಬೇಕು.

ಈ ಹದವು ಒಂದು ಗಿಡದಲ್ಲಿ ಬಹಳ ದಿನ ನಿಲ್ಲುವದಿಲ್ಲ. ಕಾಳು ಬಲಿತಂತೆ ಅದರೊಳಗಿನ ಸಕ್ಕರೆಯು ಪಿಷ್ಟವಾಗಿ ಮಾರ್ಪಡುವದು. ತೆನೆಯನ್ನು ಮುರಿದಿಟ್ಟರೂ ಸಿಹಿಯು ಕುಂದುತ್ತ ಹೋಗುವದು. ಆದ್ದರಿಂದ ಬೆಳಿಗ್ಗೆ ಮುರಿದದ್ದನ್ನು ಸಂಜೆಗೆ ಇಡದೆ, ಒಲೆಯು ಸಿದ್ಧವಾದ ಮೇಲೆಯೇ ಬೇಕಾದಷ್ಟನ್ನು ಮುರಿಯತಕ್ಕದ್ದು.

ಕಾಳಿನ ಬದಲು ಬೂದುಬಣ್ಣದ ಚೀಲದಂಥ ಗುಳ್ಳೆಗಳಿದ್ದು ಒಡೆದರೆ ಕರಿಯ ಹುಡಿಯು ಉದುರುವ ತೆನೆಗೆ ಕಾಡಿಗೆ ರೋಗವು ತಗುಲಿದೆಯೆಂದು ತಿಳಿಯಬೇಕು. ತೆನೆಯಿಂದ ಜೇನಿನಂಥ ಜಿಗುಟು ರಸವು ಸೋರುವದು ಇನ್ನೊಂದು ರೋಗದ ಗುರುತು. ಇವೆರಡನ್ನೂ ಸೀತನಿಗೆ ತೆಗೆದುಕೊಳ್ಳಬಾರದು.

ಇಂದಿನ ದಿನಗಳಲ್ಲಿ ಮತ್ತೊಂದು ಎಚ್ಚರವು ಅವಶ್ಯವಾಗಿದೆ. ತಾಳಿಕೋಟೆಯ ಸುತ್ತಿನಲ್ಲಿ ತೊಗರಿಯು ಹೆಚ್ಚಾಗಿ ಬೆಳೆಯುವದು. ಅದು ಹೂ ಕಾಯಿ ಹಿಡಿಯುವಾಗ ಕೀಟನಾಶಕವನ್ನು ಸಿಂಪಡಿಸುವರು. ಗಾಳಿಯೊಡನೆ ಆ ಔಷಧವು ನೆರೆಯ ಜೋಳದ ಮೇಲೆ ಬೀಳುವದು. ತೊಗರಿಗೆ ಹತ್ತಿದ ಸಾಲುಗಳ ತೆನೆಯನ್ನು ಸೀತನಿಗೆ ಮುರಿಯದೆ ಹೊಲದ ಒಳಗಿನ ತೆನೆಯನ್ನೇ ಆರಿಸಬೇಕು.

ಒಲೆಯೂ ಸುಡುವ ಕ್ರಮವೂ

ನಿಂತ ಬೆಳೆಯಿಂದಲೂ ಕಣಿಕೆಯ ಬಣವೆಯಿಂದಲೂ ದೂರವಾಗಿ, ಗಾಳಿಯು ಕಿಡಿಯನ್ನು ಅವುಗಳ ಕಡೆಗೆ ಒಯ್ಯದಂತೆ ಸ್ಥಳವನ್ನು ಆರಿಸಬೇಕು. ಹತ್ತಿರದಲ್ಲಿ ಎರಡು ಕೊಡ ನೀರು ಇರಲೇಬೇಕು. ಅಲ್ಲಿ ಗೇಣುದ್ದ ಆಳದ, ಮೊಳದಷ್ಟು ಅಗಲದ ತಗ್ಗನ್ನು ತೋಡಿ, ಒಣಗಿದ ಆಕಳ ಅಥವಾ ಎತ್ತಿನ ಸಗಣಿಯ ಕುಳ್ಳುಗಳನ್ನು ಜೋಡಿಸಿ ಉರಿ ಹಚ್ಚಬೇಕು. ಉರಿಯಿರುವಾಗ ತೆನೆ ಇಡುವದು ದೊಡ್ಡ ತಪ್ಪು. ಹೊಟ್ಟು ಹೊತ್ತಿ ಕಾಳು ಕರಿಯಾಗುವದಲ್ಲದೆ ಒಳಗೆ ಹಸಿಯಾಗಿಯೇ ಉಳಿಯುವದು. ಹೊಗೆಯು ಅಡಗಿ, ಕುಳ್ಳು ಕೆಂಪು ಕೆಂಡವಾಗಿ, ಮೇಲೆ ಬಿಳಿ ಬೂದಿಯು ಹರಡಿದಾಗ ಒಲೆಯು ಹದಕ್ಕೆ ಬಂತೆಂದು ತಿಳಿಯಬೇಕು.

ತೆನೆಗೆ ಒಂದು ಗೇಣು ದಂಟನ್ನು ಬಿಟ್ಟು ಕೊಯ್ದುಕೊಂಡು, ದಂಟು ಹೊರಗಿರುವಂತೆ ನಾಲ್ಕೈದು ತೆನೆಗಳನ್ನು ಒಮ್ಮೆಗೆ ಬಿಸಿಬೂದಿಯಲ್ಲಿ ಹುದುಗಿಸಿ ಹೊರಳಿಸುತ್ತಿರಬೇಕು. ಕಾಳಿನ ಮೇಲೆ ಅಲ್ಲಲ್ಲಿ ಕಂದು ಚುಕ್ಕೆಗಳು ಮೂಡಿ ಪರಿಮಳವು ಬಂದೊಡನೆ ತೆಗೆಯತಕ್ಕದ್ದು. ಬಳಿಕ ತೆನೆಯನ್ನು ಕೊಡವಿ ಬೂದಿ ಹಾರಿಸಿ, ಶುದ್ಧವಾದ ದಪ್ಪ ಬಟ್ಟೆಯಲ್ಲಿ ಸುತ್ತಿ ಬಿಸಿಯಿರುವಾಗಲೇ ತಿಕ್ಕಿ, ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ ಹಸಿರು ಕಾಳು ಉಳಿಯುವದು. ಆರಿದ ತೆನೆಯು ಹೊಟ್ಟನ್ನು ಸುಲಭವಾಗಿ ಬಿಡುವದಿಲ್ಲ. ಆದ್ದರಿಂದ ಸುಡುವವರೊಬ್ಬರು, ತಿಕ್ಕುವವರಿಬ್ಬರು ಕೂಡಿ ಕೆಲಸ ಮಾಡುವದು ಅನುಕೂಲವು.

ಜೊತೆಗೆ ಬಡಿಸುವದು

ಸೀತನಿಯ ಸಿಹಿಗೆ ಉಪ್ಪು ಖಾರಗಳ ಜೊತೆ ಬೇಕು. ಅರ್ಧ ಕಿಲೋ ಶೇಂಗಾ ಕಾಳನ್ನು ಹುರಿದು ಸಿಪ್ಪೆ ತೆಗೆದು, ಒಂದು ಗಡ್ಡೆ ಬಳ್ಳೊಳ್ಳಿ, ಒಂದು ಚಮಚ ಜೀರಿಗೆ, ಮೂರು ಚಮಚ ಕೆಂಪು ಖಾರದ ಪುಡಿ, ರುಚಿಗೆ ತಕ್ಕ ಉಪ್ಪು, ಚಿಟಿಕೆ ಬೆಲ್ಲಗಳೊಡನೆ ಒರಳಿನಲ್ಲಿ ಕುಟ್ಟಿದರೆ ಶೇಂಗಾ ಹಿಂಡಿಯಾಗುವದು. ಗುರೆಳ್ಳನ್ನೂ ಅಗಸಿಯನ್ನೂ ಹುರಿದು ಇದೇ ರೀತಿ ಹಿಂಡಿ ಮಾಡುವರು. ಕೆನೆಮೊಸರು, ಬೆಲ್ಲ, ಉಳ್ಳಾಗಡ್ಡಿ ಇವುಗಳೂ ಇದ್ದರೆ ಊಟವು ಪರಿಪೂರ್ಣವು.

ಗೊಂಜಾಳದ ಹಸಿ ತೆನೆಗೂ ಇದೇ ಕೆಂಡವು ಸಲ್ಲುವದು. ಅದನ್ನು ಸಿಪ್ಪೆಸಹಿತ ಬಿಸಿಬೂದಿಯಲ್ಲಿ ಹುದುಗಿಸಿದರೆ ಕಾಳು ತನ್ನ ಹಸಿಯಲ್ಲಿಯೇ ಬೇಯುವದು. ಪಟ್ಟಣದ ಮನೆಗಳಲ್ಲಿ ವಿದ್ಯುತ್ತಿನ ಒಲೆಯಿದ್ದವರು ಸಿಪ್ಪೆ ಸುಲಿದ ಗೊಂಜಾಳದ ತೆನೆಗೆ ತುಪ್ಪ, ಉಪ್ಪು, ಖಾರಗಳನ್ನು ಸವರಿ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25ರಿಂದ 30 ನಿಮಿಷ ಇಟ್ಟು, ನಡುವೆ ಒಮ್ಮೆ ಹೊರಳಿಸಿ, ನಿಂಬೆಹುಳಿ ಹಿಂಡಿ ಊಟದ ಬದಿಗೆ ಬಡಿಸಬಹುದು.

ಬೀಜದ ತೆನೆಯನ್ನು ಮೊದಲು ಗುರುತಿಸುವದು

ಇನ್ನು ಕಣ್ಣಿಗೆ ಕಾಣದ ನಷ್ಟದ ವಿಚಾರವು. ಅತಿಥಿಗಳು ಬಂದಾಗ ಯಾವ ತೆನೆಯನ್ನು ಮುರಿಯುವರು? ಎಲ್ಲಕ್ಕಿಂತ ಮೊದಲು ಹದಕ್ಕೆ ಬಂದದ್ದನ್ನು, ದಪ್ಪ ಕಾಳಿನದನ್ನು, ಸಿಹಿಯಾದದ್ದನ್ನು, ಸುಲಭವಾಗಿ ಹೊಟ್ಟು ಬಿಡುವದನ್ನು ಮುರಿಯುವರು. ಒಲ್ಲದ ತೆನೆಗಳು ಹೊಲದಲ್ಲಿ ಉಳಿದು ರಾಶಿಯಾಗುವವು. ಮುಂದಿನ ವರ್ಷದ ಬೀಜವನ್ನು ಆ ರಾಶಿಯಿಂದಲೇ ತೆಗೆಯುವರು. ಹೀಗೆ ಉತ್ತಮವಾದ ಗಿಡಗಳು ಸಂತತಿಯಿಲ್ಲದೆ ಹೋಗಿ, ಬಿಗಿಹೊಟ್ಟಿನ, ಸಪ್ಪೆಕಾಳಿನ ಗಿಡಗಳ ಸಂತತಿಯೇ ಬೆಳೆಯುವದು. ಕೆಲವು ವರ್ಷಗಳ ಮೇಲೆ “ಸೀತನಿಗೆ ಮೊದಲಿನ ರುಚಿಯಿಲ್ಲ” ಎಂದು ಮಳೆಯನ್ನೋ ಭೂಮಿಯನ್ನೋ ದೂರುವರು. ದೋಷವು ಮಳೆಯದೂ ಅಲ್ಲ, ಭೂಮಿಯದೂ ಅಲ್ಲ. ಬೀಜವನ್ನು ತಿಂದು, ಉಳಿದದ್ದನ್ನು ಬಿತ್ತಿದ ಕ್ರಮದ್ದು.

ಇದರ ಪರಿಹಾರವು ಸುಲಭವಾಗಿದೆ. ಸೀತನಿಗೆಂದು 2 ಗುಂಟೆಯ ತುಣುಕನ್ನು ಬೇರೆ ಇಟ್ಟು, ಎಂಟು ಹತ್ತು ದಿನಗಳ ಅಂತರದಲ್ಲಿ ಎರಡು ಅಥವಾ ಮೂರು ಸಾರೆ ಬಿತ್ತಿದರೆ ಹದವಾದ ತೆನೆಯು ಹೆಚ್ಚು ದಿನಗಳವರೆಗೆ ದೊರೆಯುವದು. ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರಿನ ಅಂತರವಿದ್ದರೆ ಗುಂಟೆಗೆ ಸುಮಾರು 1,500 ಗಿಡಗಳಾಗುವವು. ಹಕ್ಕಿ ಹುಳಗಳ ಪಾಲು ಕಳೆದು 2 ಗುಂಟೆಗೆ 1,500 ತೆನೆಗಳೇ ಉಳಿದವೆಂದು ಹಿಡಿಯೋಣ. 40 ಜನರು ತಲೆಗೆ 5 ತೆನೆಯಂತೆ ತಿಂದರೆ ಒಂದು ಕೂಟಕ್ಕೆ 200 ತೆನೆ. ಏಳು ಕೂಟಗಳಿಗೆ 1,400. ಇನ್ನೂ 100 ತೆನೆಗಳು ಮಿಗುವವು. ತೆನೆಗೆ 30 ಗ್ರಾಂ ಒಣಕಾಳು ಬಂದರೂ 3 ಕಿಲೋ ಬೀಜವಾಯಿತು. ಎಕರೆಗೆ ಬೇಕಾದ ಬೀಜವೇ 3 ಕಿಲೋ. 2 ಗುಂಟೆಗೆ 150 ಗ್ರಾಂ ಸಾಕು. ಹೀಗಿರಲು ಬೀಜವನ್ನು ಉಳಿಸುವದಕ್ಕಾಗಿ ಅತಿಥಿಯ ಪಾಲನ್ನು ಕಡಿಮೆ ಮಾಡಬೇಕಾಗಿಲ್ಲ. ಆ 100 ತೆನೆಗಳು ಕೊನೆಗೆ ಉಳಿದವಾಗಿರದೆ ಮೊದಲೇ ಆರಿಸಿದವಾಗಿರಬೇಕು, ಅಷ್ಟೇ.

ಆರಿಸುವ ಬಗೆಯು ಹೀಗಿದೆ. ತುಣುಕಿನ ನಡುಭಾಗದಲ್ಲಿ ರೋಗವಿಲ್ಲದ, ಮೊದಲು ಹೂಬಿಟ್ಟ ಗಿಡಗಳಿಗೆ ಕೆಂಪು ದಾರವನ್ನು ಕಟ್ಟಬೇಕು. ಜೋಳವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಗಟ್ಟಿದರೂ ಗಾಳಿಯಿಂದ ಬೇರೆ ತಳಿಯ ಪರಾಗವೂ ಸ್ವಲ್ಪ ಬೆರೆಯುವದರಿಂದ ಅಂಚಿನ ಸಾಲುಗಳನ್ನು ಬೀಜಕ್ಕೆ ಬಿಡಬಾರದು. ಹದಕ್ಕೆ ಬಂದಾಗ ಪ್ರತಿಯೊಂದು ಗುರುತಿನ ತೆನೆಯ ಒಂದು ಬದಿಯಿಂದ ಹತ್ತೆಂಟು ಕಾಳುಗಳನ್ನು ಮಾತ್ರ ಬಿಡಿಸಿ, ತಿಕ್ಕಿ, ತಿಂದು ನೋಡಬೇಕು. ಸಿಹಿಯಿಲ್ಲದ, ಹೊಟ್ಟು ಬಿಡದ ತೆನೆಯ ದಾರವನ್ನು ಬಿಚ್ಚಿಬಿಡಬೇಕು. ಉಳಿದವುಗಳಿಗೆ ಹಕ್ಕಿ ಮುಟ್ಟದಂತೆ ಬಟ್ಟೆಯ ಚೀಲವನ್ನು ತೊಡಿಸಿ, ಪೂರ್ತಿಯಾಗಿ ಬಲಿತು ಒಣಗಿದ ಮೇಲೆ ಬೇರೆಯಾಗಿ ಬಡಿದು ಇಡಬೇಕು. ಬಿತ್ತುವ ಮೊದಲು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿಯನ್ನು ಸವರಿದರೆ ಕಾಳಿನ ಕಾಡಿಗೆ ರೋಗವು ತಡೆಯಲ್ಪಡುವದು.

ಊರ ಹಿರಿಯರು ಮನಸ್ಸು ಮಾಡಿದರೆ ಎರಡು ಮೂರು ಮನೆತನಗಳು ಒಂದೊಂದು ನಾಡತಳಿಯನ್ನು ವಹಿಸಿಕೊಂಡು ಬೀಜವನ್ನು ಪರಸ್ಪರ ಹಂಚಿಕೊಳ್ಳಬಹುದು. ಒಬ್ಬರ ಹೊಲದಲ್ಲಿ ಕೆಟ್ಟರೆ ಇನ್ನೊಬ್ಬರಲ್ಲಿ ಉಳಿಯುವದು. ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯತಳಿಗಳ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯ್ದೆಯು ರೈತರಿಗೆ ಕೊಟ್ಟಿದೆ. ರೈತರ ತಳಿಯನ್ನು ನೋಂದಾಯಿಸುವದಕ್ಕೂ ಅದರಲ್ಲಿ ಅವಕಾಶವಿದೆ.

ಕಣಿಕೆಯೂ ದನಗಳೂ

ತೆನೆ ಮುರಿದ ಗಿಡವನ್ನು ಹಾಗೆಯೇ ನಿಲ್ಲಿಸಬಾರದು. ಅದು ಹಸಿಯಾಗಿಯೂ ರಸಭರಿತವಾಗಿಯೂ ಇರುವಾಗಲೇ ಕೊಯ್ದರೆ ಒಳ್ಳೆಯ ಮೇವಾಗುವದು. ಕೊಯ್ದ ಕೂಳೆಯು ಅಕಾಲದ ಮಳೆಯಿಂದಲೋ ನೀರು ಹಾಯಿಸಿದ್ದರಿಂದಲೋ ಮರಳಿ ಚಿಗುರಿದರೆ ಆ ಎಳೆಯ ಚಿಗುರಿನಲ್ಲಿ ದನಗಳಿಗೆ ಅಪಾಯವುಂಟು. ಅದನ್ನು ಮೇದಾಗ ಹೊಟ್ಟೆಯಲ್ಲಿ ಹೈಡ್ರೋಸಯನಿಕ್ ಆಮ್ಲವೆಂಬ ಉಗ್ರ ವಿಷವು ಹುಟ್ಟುವದು. ನೀರಿಲ್ಲದೆ ಕುಗ್ಗಿ ಬಾಡಿದ ಎಳೆಯ ಜೋಳದಲ್ಲಿಯೂ ಇದೇ ಅಪಾಯವಿರುವದು. ದನವು ಏದುಸಿರುಬಿಟ್ಟು, ತೂರಾಡಿ, ಬಿದ್ದು, ಅಲ್ಪಕಾಲದಲ್ಲಿಯೇ ಸಾಯಬಹುದು. ಇದಕ್ಕೆ ಔಷಧವಿದೆ, ಆದರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಕೂಳೆ ಚಿಗುರಿದ ಹೊಲಕ್ಕೆ ದನಗಳನ್ನು ಬಿಡದಿರುವದೇ ಎಲ್ಲಕ್ಕಿಂತ ಮೇಲು. ಸೀತನಿಯ ಸಂಭ್ರಮದಲ್ಲಿ ಅತಿಥಿಗಳ ಬಂಡಿಯ ಎತ್ತುಗಳನ್ನು ಅಂಥಲ್ಲಿ ಬಿಚ್ಚದಂತೆ ಹೊಲದ ಯಜಮಾನರು ನೋಡಿಕೊಳ್ಳತಕ್ಕದ್ದು.

ಸಾರಾಂಶವು

ಹದವನ್ನು ಉಗುರಿನಿಂದ ಅರಿಯಬೇಕು. ಉರಿಯಲ್ಲಿ ಸುಡದೆ ಕೆಂಡದಲ್ಲಿ ಸುಡಬೇಕು. ಮುರಿದ ಕೂಡಲೇ ಸುಟ್ಟು, ಬಿಸಿಯಿರುವಾಗಲೇ ತಿಕ್ಕಬೇಕು. ಕೂಳೆಯ ಚಿಗುರಿಗೆ ದನ ಬಿಡಬಾರದು. ಇವೆಲ್ಲಕ್ಕೂ ಮೊದಲು, ಅತಿಥಿಗಳಿಗೆ ಕರೆ ಕಳುಹಿಸುವ ಮುನ್ನವೇ, ಬೀಜದ ತೆನೆಗೆ ದಾರವನ್ನು ಕಟ್ಟಿರಬೇಕು. ಇಂದಿನ ಅತಿಥಿಗೆ ಬಡಿಸಿದ ಸೀತನಿಯು ಮಕ್ಕಳು ಮೊಮ್ಮಕ್ಕಳ ಅತಿಥಿಗಳಿಗೂ ದೊರೆಯುವದಾದರೆ ಅದು ಈ ದಾರದಿಂದಲೇ ಸಾಧ್ಯವಾಗುವದು.