ಅಜ್ಜನ ಬಾಗಿಲಿಗೆ ವಯಸ್ಸೆಷ್ಟು?

ಬಸ್ಸಿನ ಕಿಟಕಿಯಿಂದ ನೀವೂ ನೋಡಿರುತ್ತೀರಿ. ರಸ್ತೆ ಬದಿಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿರುತ್ತಾರೆ. ಹೆಂಚು ಒಂದು ಕಡೆ, ಜಂತೆ ಇನ್ನೊಂದು ಕಡೆ. ಮುರಿದ ಗೋಡೆಗೆ ಒರಗಿಸಿದ ಎರಡು ದಪ್ಪ ಕದ. ಸಂಜೆ ವಾಪಸು ಬರುವಷ್ಟರಲ್ಲಿ ಹೆಂಚು ಅಲ್ಲೇ ಇರುತ್ತದೆ, ಕದ ಮಾತ್ರ ಮಾಯ!

ಮಧ್ಯಾಹ್ನ ಅಲ್ಲಿ ನಡೆಯುವ ಮಾತು ಯಾವ ಊರಲ್ಲಾದರೂ ಒಂದೇ.

"ಏನ್ ಯಜಮಾನ್ರೇ, ಬಾಗಿಲು ಕೊಡ್ತೀರಾ?"

"ಅಜ್ಜನ ಕಾಲದ್ದಪ್ಪಾ. ತೇಗದ್ದು."

"ತೇಗ ಆದ್ರೇನು ಸ್ವಾಮಿ, ಇಟ್ರೆ ಮಳೇಲಿ ನೆನೆಯುತ್ತೆ, ಗೆದ್ದಲು ಹತ್ತುತ್ತೆ. ತೂಕಕ್ಕೆ ಹಾಕಿ, ಈಗ್ಲೇ ದುಡ್ಡು ಎಣಿಸ್ತೀನಿ."

ಮನೆ ಕಟ್ಟಿಸುವವನಿಗೆ ಸಿಮೆಂಟಿನ ಚಿಂತೆ. ಬಾಗಿಲು ಲಾರಿ ಹತ್ತುತ್ತದೆ. ಆಮೇಲೆ ಅದು ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ಇಂಥ ಬಾಗಿಲುಗಳಲ್ಲಿ ಕೆಲವು ಬೆಂಗಳೂರಿನ ಬಂಗಲೆಗಳಿಗೆ, ರೆಸಾರ್ಟುಗಳಿಗೆ ಹೋಗುತ್ತವೆ. ಕೆಲವು ಸಮುದ್ರವನ್ನೇ ದಾಟುತ್ತವೆ. ಹೊರದೇಶದಲ್ಲಿ ಮನೆ ಕಟ್ಟಿಸುವ ಹಣವಂತರಿಗೆ ಹಳೇ ಗಟ್ಟಿ ಮರದ ಬಾಗಿಲು, ಮೇಜು, ಪೆಟ್ಟಿಗೆ ಅಂದರೆ ಪ್ರಾಣ. ಜೋಧಪುರ, ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ: ಈ ಪೇಟೆಗಳಿಗೆ ತಾವೇ ಬಂದು ಆರಿಸಿ, ಕಂಟೇನರಿನಲ್ಲಿ ತುಂಬಿಸಿ ಊರಿಗೆ ಕಳಿಸಿಕೊಳ್ಳುವವರಿದ್ದಾರೆ. ವ್ಯಾಪಾರದ ಒಳಹೊರಗು ತಿಳಿಯಬೇಕಾದರೆ ಕಾರೈಕುಡಿಯನ್ನೇ ನೋಡಬೇಕು.

ರಂಗೂನಿನಿಂದ ಬಂದ ಮರ

ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಸಾಲಾಗಿ ಹಳೇ ಸಾಮಾನಿನ ಅಂಗಡಿಗಳು. ಕೆತ್ತನೆಯ ಬಾಗಿಲು, ಕಂಬ, ಕುರ್ಚಿ, ಹಿತ್ತಾಳೆ ಚೊಂಬು, ಪಿಂಗಾಣಿ ಭರಣಿ, ಏನು ಬೇಕು ಹೇಳಿ. ಇದೆಲ್ಲ ಬಂದದ್ದು ಸುತ್ತಮುತ್ತಲಿನ ಚೆಟ್ಟಿನಾಡಿನ ಊರುಗಳ ದೊಡ್ಡ ದೊಡ್ಡ ಮನೆಗಳಿಂದ.

ನಾಟ್ಟುಕೋಟೆ ಚೆಟ್ಟಿಯಾರರು ಬರ್ಮಾದಲ್ಲಿ ಲೇವಾದೇವಿ ನಡೆಸಿದವರು. ಸಾಲ ತೀರದೆ ಕೈಸೇರಿದ ಜಮೀನೇ ಎಷ್ಟಿತ್ತೆಂದರೆ, 1938ರ ಹೊತ್ತಿಗೆ ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಭೂಮಿ ಅವರದ್ದಾಗಿತ್ತು. ಆ ದುಡ್ಡಿನಲ್ಲಿ ಊರಲ್ಲಿ ಅರಮನೆಯಂಥ ಮನೆ ಎದ್ದವು. ಬರ್ಮಾ ತೇಗ ಹಡಗೇರಿ ಬಂತು. 1942ರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದರು. ವ್ಯವಹಾರದ ಬೆನ್ನು ಮುರಿಯಿತು.

ಮನೆ ಉಳಿದವು, ನೋಡಿಕೊಳ್ಳುವ ದುಡ್ಡು ಉಳಿಯಲಿಲ್ಲ. ಒಂದೊಂದು ಮನೆಗೆ ಹತ್ತಾರು ವಾರಸುದಾರರು, ಒಬ್ಬೊಬ್ಬರು ಒಂದೊಂದು ಊರಲ್ಲಿ. ಸುಣ್ಣ ಹೊಡೆಸುವವರು ಯಾರು? ಕಡೆಗೆ ಮನೆ ಕೆಡವಿ, ಮರ ಮಾರಿ, ದುಡ್ಡು ಹಂಚಿಕೊಂಡದ್ದೂ ಆಯಿತು. ಹಡಗಿನಲ್ಲಿ ಬಂದ ತೇಗ ಮತ್ತೆ ಹಡಗು ಹತ್ತಿತು.

ನೂರು ವರ್ಷದ ಗೆರೆ

ತಕರಾರು ಇರುವುದು ಇಲ್ಲೇ. 1972ರಲ್ಲಿ ಪುರಾತನ ವಸ್ತು ಮತ್ತು ಕಲಾಸಂಪತ್ತಿನ ಕಾಯ್ದೆ ಬಂತು. 1976ರ ಏಪ್ರಿಲ್ 5ರಿಂದ ಜಾರಿಯಾಯಿತು. ಅದರ ಪ್ರಕಾರ ನೂರು ವರ್ಷ ತುಂಬಿದ ಕಲಾಕೃತಿ, ಕುಸುರಿ ಸಾಮಾನು, ಅಷ್ಟೇ ಏಕೆ, ಕಟ್ಟಡದಿಂದ ಬಿಚ್ಚಿದ ವಸ್ತು ಕೂಡ ಪುರಾತನ ವಸ್ತುವೇ. ಬಾಗಿಲು ಕಟ್ಟಡದಿಂದ ಬಿಚ್ಚಿದ್ದಲ್ಲದೆ ಇನ್ನೇನು? ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಕಳಿಸಿ ಸಿಕ್ಕಿಬಿದ್ದರೆ ಕನಿಷ್ಠ 6 ತಿಂಗಳು, ಹೆಚ್ಚೆಂದರೆ 3 ವರ್ಷ ಜೈಲು, ಮೇಲೆ ದಂಡ. ಪುರಾತನ ವಸ್ತುವನ್ನು ದೇಶದೊಳಗೆ ವ್ಯಾಪಾರ ಮಾಡುವುದಕ್ಕೂ ಲೈಸೆನ್ಸು ಬೇಕು.

ನೂರು ವರ್ಷ ಆಗಿಲ್ಲದ ಬಾಗಿಲಾದರೆ? ಕಳಿಸಬಹುದು. ಸಂಶಯ ಬಂದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ನೋಡಿ 'ಇದು ಪುರಾತನ ವಸ್ತುವಲ್ಲ' ಅಂತ ಸರ್ಟಿಫಿಕೇಟ್ ಕೊಡಬೇಕು.

ಈಗ ಆಚೆ ದಡದ ಲೆಕ್ಕ ನೋಡಿ. ಎಷ್ಟೋ ದೇಶಗಳ ಸುಂಕದ ಪಟ್ಟಿಯಲ್ಲಿ ನೂರು ವರ್ಷ ದಾಟಿದ ಸಾಮಾನಿಗೆ ಬೇರೆಯೇ ಸಾಲು, ಸುಂಕದಲ್ಲಿ ರಿಯಾಯಿತಿ. ಅಂದರೆ ಇಲ್ಲಿ ಬಾಗಿಲು ಚಿಕ್ಕ ವಯಸ್ಸಿನದಾಗಿರಬೇಕು, ಅಲ್ಲಿ ಮುದುಕನಾಗಿರಬೇಕು! ಒಂದೇ ಬಾಗಿಲಿಗೆ ಎರಡು ಜಾತಕ ಬರೆಸುವ ಆಸೆ ಹುಟ್ಟುವುದು ಈ ಸಂದಿನಲ್ಲೇ.

ಗೆರೆಯಾದರೂ ನಿಂತಲ್ಲಿ ನಿಲ್ಲುವುದಿಲ್ಲ. 1930ರಲ್ಲಿ ಕೂರಿಸಿದ ಬಾಗಿಲು 2030ಕ್ಕೆ ಗೆರೆ ದಾಟುತ್ತದೆ.

ಬೀಟೆ ಮರದ ಸಾಮಾನಿಗೆ ಇನ್ನೊಂದು ತೊಡಕು. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿದೆ. ಬೀಟೆ ಮಂಚ, ಬೀರು ಹೊರಗೆ ಹೋಗಬೇಕಾದರೆ ಮರಕ್ಕೇ ಕಾಗದಪತ್ರ ಬೇಕು. ತೇಗ ಆ ಪಟ್ಟಿಯಲ್ಲಿಲ್ಲ.

ಹಳೇದೋ, ಹಳೇ ವೇಷವೋ?

ಕೊಳ್ಳುವವನಿಗೂ ಮೋಸದ ಭಯ ಇದ್ದೇ ಇದೆ. ಹಳೇ ತೊಲೆ ಕೊಯ್ದು ಹೊಸ ಮೇಜು ಮಾಡುವುದು ತಪ್ಪೇನಲ್ಲ, ಒಳ್ಳೇ ಕೆಲಸವೇ. ಅದನ್ನು ಜಮೀನ್ದಾರರ ಮನೆಯ ಮೇಜು ಅಂತ ಮಾರುವುದು ತಪ್ಪು.

ತಿಳಿದ ಬಡಗಿ ಮುಂದಿನ ಕೆತ್ತನೆ ನೋಡಿ ಮರುಳಾಗುವುದಿಲ್ಲ, ಕದದ ಬೆನ್ನು ತಿರುಗಿಸಿ ನೋಡುತ್ತಾನೆ. ಕೈ ರಂದ ಹೊಡೆದ ಮೈ ಸವರಿದರೆ ಅಲೆಅಲೆಯಾಗಿರುತ್ತದೆ. ಬಿಲ್ಲಿನಂತೆ ಬಾಗಿದ ಗರಗಸದ ಗೀಟು ಕಂಡರೆ ಅದು ಯಂತ್ರದ ಚಕ್ರ ಗರಗಸದ್ದು. ಸವೆತ ಇರಬೇಕಾದ ಕಡೆ ಇದೆಯೇ? ಅಗುಳಿ ಉಜ್ಜುವ ಜಾಗ, ಕೈ ಹಿಡಿಯುವ ಅಂಚು, ಹೊಸ್ತಿಲಿನ ನಡು, ಇವು ಸವೆಯದೆ ಮೂಲೆ ಮಾತ್ರ ಸವೆದಿದ್ದರೆ ಯಾರೋ ಕೂತು ಸವೆಸಿದ್ದಾರೆ ಅಂತಲೇ ಲೆಕ್ಕ. ಎಷ್ಟೋ ಹಳೇ ಕದಗಳಿಗೆ ಕಬ್ಬಿಣದ ಹಿಂಜೇ ಇಲ್ಲ. ಮೇಲೆ ಕೆಳಗೆ ಮರದ ತಿರುಗಣಿ, ಅದು ಕೂರಲು ಚೌಕಟ್ಟಿನಲ್ಲಿ ಕುಳಿ. ಹಾಗಾಗಿ ಚೌಕಟ್ಟು ಬಿಟ್ಟು ಕದ ಮಾತ್ರ ಕೊಂಡವನು ಆಮೇಲೆ ತಲೆ ಕೆರೆದುಕೊಳ್ಳಬೇಕು.

ತೂಕವನ್ನೂ ಮರೆಯುವಂತಿಲ್ಲ. 7 ಅಡಿ ಎತ್ತರ, 4 ಅಡಿ ಅಗಲ, 2 ಅಂಗುಲ ದಪ್ಪದ ತೇಗದ ಜೋಡಿ ಕದ ಹತ್ತಿರ ಹತ್ತಿರ 85 ಕಿಲೋ. ದಪ್ಪ ಚೌಕಟ್ಟೂ ಸೇರಿದರೆ ಒಂದೂವರೆ ಕ್ವಿಂಟಲ್. 20 ಅಡಿ ಕಂಟೇನರಿನಲ್ಲಿ ಸುಮಾರು 33 ಘನ ಮೀಟರ್ ಜಾಗ. ಒಂದೇ ಬಾಗಿಲು ಕೊಂಡವನು ಬೇರೆಯವರ ಸರಕಿನ ಜೊತೆ ಸೇರಿಸಿ ಕಳಿಸಬೇಕು.

ಹಾಗೆ ಕಳಿಸುವಾಗ ಸುತ್ತ ಹೊಡೆದ ಪೆಟ್ಟಿಗೆಯ ಹಲಗೆಗೂ ಕಾನೂನಿದೆ. ಹುಳು ಸಾಯುವಂತೆ ಮರದ ತಿರುಳು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಬೇಕು, ಅಥವಾ ಔಷಧದ ಹೊಗೆ ಕೊಡಬೇಕು. ಮುದ್ರೆ ಇಲ್ಲದ ಪೆಟ್ಟಿಗೆ ಆಚೆ ಬಂದರಿನಲ್ಲಿ ನಿಂತುಬಿಡುತ್ತದೆ.

ಅಷ್ಟೆಲ್ಲಾ ದಾಟಿ ಮನೆ ಸೇರಿದ ಮೇಲೂ ಬಾಗಿಲಿಗೆ ನೆಮ್ಮದಿ ಇಲ್ಲ. ನಮ್ಮ ತೇವದ ಗಾಳಿ ಕುಡಿದು ಬೆಳೆದ ಮರ ಅದು. ಚಳಿ ದೇಶದ ಮನೆಯಲ್ಲಿ ಹೀಟರು ಹಾಕಿದರೆ ಒಣಗಿ ಕುಗ್ಗುತ್ತದೆ. ಹಲಗೆಯನ್ನು ಅಂಟು ಹಾಕಿ ಬಿಗಿದಿದ್ದರೆ ಚಟ್ಟನೆ ಸೀಳುತ್ತದೆ. ಹಳೇ ಬಡಗಿಗಳಿಗೆ ಈ ಗುಟ್ಟು ಗೊತ್ತಿತ್ತು. ಹಲಗೆಯನ್ನು ಗಾಡಿಯಲ್ಲಿ ಸಡಿಲವಾಗಿ ಬಿಡುತ್ತಿದ್ದರು.

ನಮ್ಮ ಮನೆಯ ಬಾಗಿಲು

ಈ ಸರಪಳಿಯಲ್ಲಿ ಅತಿ ಕಡಿಮೆ ದುಡ್ಡು ಯಾರಿಗೆ? ಬಾಗಿಲಿನ ಯಜಮಾನನಿಗೆ! ಕೊಳ್ಳುವವನು ಕೆತ್ತನೆಗೆ, ವಯಸ್ಸಿಗೆ ದುಡ್ಡು ಕೊಡುತ್ತಾನೆ. ಯಜಮಾನ ತೂಕಕ್ಕೆ ಮಾರಿರುತ್ತಾನೆ. ಮೇಲಾಗಿ ನೂರು ದಾಟಿದ ಬಾಗಿಲು ಕಳ್ಳ ಹಾದಿಯಲ್ಲಿ ಹೋದರೆ, ಊರಿಗೆ ಅದು ಮತ್ತೆ ಸಿಗುವುದಿಲ್ಲ.

ಹಳೇದನ್ನು ಉಳಿಸಲು ಸಾಧ್ಯವೇ ಇಲ್ಲ ಅನ್ನುವವರು ಮಣಿಪಾಲಕ್ಕೆ ಹೋಗಿ ಬರಲಿ. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಕೆಡವಲು ನಿಂತಿದ್ದ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಕುಕನೂರಿನ ಕಮಲ್ ಮಹಲ್ ಇವತ್ತೂ ಅಲ್ಲಿವೆ, ಬಾಗಿಲು ಸಮೇತ.

ಎಲ್ಲರೂ ಶೆಣೈ ಆಗಲು ಆಗುವುದಿಲ್ಲ, ನಿಜ. ಮನೆ ಕೆಡವಲೇಬೇಕಾದವರೂ ಇದ್ದಾರೆ. ಅಂಥವರು ಬಿಚ್ಚುವ ಮೊದಲು ಬಾಗಿಲಿನ ಒಂದು ಫೋಟೋ ತೆಗೆಯಲಿ. ಮನೆ ಪತ್ರದಲ್ಲಿ ಕಟ್ಟಿದ ಇಸವಿ ಇದೆಯೋ ನೋಡಲಿ. ಮನೆಯ ಹಿರಿಯರನ್ನು ಒಂದು ಮಾತು ಕೇಳಲಿ. ಅರ್ಧ ದಿನದ ಕೆಲಸ. ಹೊಸ ಮನೆಗೇ ಆ ಬಾಗಿಲು ಕೂರುವುದಾದರೆ ಇನ್ನೂ ಒಳ್ಳೇದು. ಇಂದಿನ ದರದಲ್ಲಿ ಅಂಥ ತೇಗ ಕೊಳ್ಳಲು ಹೊರಟರೆ ಗೊತ್ತಾಗುತ್ತದೆ ಬೆಲೆ.

ಮಾರುವುದೇ ಆದರೆ, ತಕ್ಕಡಿ ತಂದವನಿಗೆ ಒಂದು ಪ್ರಶ್ನೆ ಸಾಕು: "ತೂಕ ಆಮೇಲೆ ಹೇಳಪ್ಪಾ, ಈ ಬಾಗಿಲಿಗೆ ವಯಸ್ಸೆಷ್ಟು?"

ಅವನು ತಲೆ ತಗ್ಗಿಸಿದರೆ, ಕದ ಮತ್ತೆ ಒಳಗೆ ತಂದಿಡಿ.